ಮನೆಗೆ ಯಾವ ಕಂಪ್ಯೂಟರ್ ತರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪ್ಯೂಟರ್ ಕೊಳ್ಳಲು ಹೊರಟವರಿಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಪ್ರೊಸೆಸರ್, ಗಿಗಾಹರ್ಟ್ಸ್, ಗ್ರಾಫಿಕ್ಸ್ ಎಂದೇ ಶುರುವಾಗುತ್ತವೆ. ಇಮೇಲ್ ನೋಡಲು, ಪತ್ರ ಟೈಪ್ ಮಾಡಲು, ಫೋಟೊಗಳನ್ನು ಕೂಡಿಡಲು, ಬ್ಯಾಂಕಿನ ಕೆಲಸ ಮುಗಿಸಲು, ದೂರದ ಊರಿನ ಮಕ್ಕಳೊಂದಿಗೆ ವೀಡಿಯೊದಲ್ಲಿ ಮಾತನಾಡಲು ಕಂಪ್ಯೂಟರ್ ಬೇಕಾದವರಿಗೆ ಇದರಿಂದ ಗೊಂದಲವಷ್ಟೇ ಹೆಚ್ಚುತ್ತದೆ. ಈ ಪ್ರಶ್ನೋತ್ತರ ಅಂಥವರಿಗಾಗಿ. ಒಂದು ಪಕ್ಷ ವಹಿಸಬೇಕಾದ ಕಡೆ ಹಿಂಜರಿಯದೆ ವಹಿಸಿದ್ದೇನೆ.

ವಿಂಡೋಸ್, ಮ್ಯಾಕ್, ಕ್ರೋಮ್‌ಬುಕ್, ಲಿನಕ್ಸ್: ಇವುಗಳ ನಡುವೆ ಏನು ವ್ಯತ್ಯಾಸ?

ಯಂತ್ರ ಯಾವುದೇ ಇರಲಿ, ಅದನ್ನು ನಡೆಸಲು ಒಂದು ಮೂಲ ತಂತ್ರಾಂಶ ಬೇಕು. ಅದೇ ಆಪರೇಟಿಂಗ್ ಸಿಸ್ಟಮ್. ವಿಂಡೋಸ್ ಮೈಕ್ರೋಸಾಫ್ಟ್ ಕಂಪನಿಯದು. ಡೆಲ್, ಎಚ್‌ಪಿ, ಲೆನೊವೊ, ಏಸರ್ ಮುಂತಾದ ಹತ್ತಾರು ಕಂಪನಿಗಳ ಯಂತ್ರಗಳಲ್ಲಿ ಅದು ಬರುತ್ತದೆ. ಮ್ಯಾಕ್‌ನಲ್ಲಿ ಯಂತ್ರವೂ ತಂತ್ರಾಂಶವೂ ಆಪಲ್‌ನದೇ. ಕ್ರೋಮ್‌ಬುಕ್ ಎಂಬುದು ಗೂಗಲ್‌ನ ಕ್ರೋಮ್‌ಓಎಸ್ ಇರುವ ಲ್ಯಾಪ್‌ಟಾಪ್, 2011ರಲ್ಲಿ ಮಾರುಕಟ್ಟೆಗೆ ಬಂತು, ಅದರಲ್ಲಿ ಬಹುಪಾಲು ಕೆಲಸ ಬ್ರೌಸರ್‌ನೊಳಗೇ ನಡೆಯುತ್ತದೆ. ಲಿನಕ್ಸ್ 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ್ದು; ಇಂದು ಉಬುಂಟು, ಲಿನಕ್ಸ್ ಮಿಂಟ್, ಫೆಡೋರಾ ಮುಂತಾದ ಹೆಸರುಗಳಲ್ಲಿ ಉಚಿತವಾಗಿ ಸಿಗುತ್ತದೆ.

ಒಂದು ವಿಷಯವನ್ನು ಈಗಲೇ ತಿಳಿದುಕೊಂಡರೆ ಮನಸ್ಸು ಹಗುರವಾಗುತ್ತದೆ: ಬ್ರೌಸರ್ ತೆರೆದ ಮೇಲೆ ನಾಲ್ಕರಲ್ಲೂ ಕಾಣುವುದು ಒಂದೇ ಜಾಲತಾಣ. ಜಿಮೇಲ್, ಯೂಟ್ಯೂಬ್, ಬ್ಯಾಂಕಿನ ಪುಟ, ದಿನಪತ್ರಿಕೆ ಎಲ್ಲವೂ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ತೆರನಾಗಿ ನಡೆಯುತ್ತವೆ. ಇಪ್ಪತ್ತು ವರ್ಷಗಳ ಹಿಂದೆ ಈ ಆಯ್ಕೆ ತಪ್ಪಿದರೆ ಆಗುತ್ತಿದ್ದಷ್ಟು ತೊಂದರೆ ಈಗ ಆಗುವುದಿಲ್ಲ.

ಹಾಗಾದರೆ ಯಾವುದು ಎಲ್ಲಕ್ಕಿಂತ ಒಳ್ಳೆಯದು?

ಈ ಪ್ರಶ್ನೆಗೆ ಯಂತ್ರಗಳನ್ನು ಹೋಲಿಸಿ ಉತ್ತರ ಹುಡುಕಿದರೆ ಸಿಗುವುದಿಲ್ಲ. ನಿಮ್ಮ ಕಡೆಯಿಂದ ಹುಡುಕಬೇಕು.

ಮೊದಲು, ಬಿಟ್ಟಿರಲಾಗದ ತಂತ್ರಾಂಶ ಅಥವಾ ಉಪಕರಣ ಯಾವುದಾದರೂ ನಿಮ್ಮಲ್ಲಿದೆಯೇ ಎಂದು ನೋಡಿ. ವಿಂಡೋಸ್‌ನಲ್ಲಿ ಮಾತ್ರ ನಡೆಯುವ ಲೆಕ್ಕಪತ್ರದ ತಂತ್ರಾಂಶ, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಕಚೇರಿಯವರು ಹಾಕಿಸಿಕೊಳ್ಳಲೇಬೇಕೆಂದ ಪ್ರೋಗ್ರಾಂ, ಹೊಲಿಗೆ ಯಂತ್ರಕ್ಕೆ ಕಸೂತಿ ವಿನ್ಯಾಸ ಕಳುಹಿಸುವ ತಂತ್ರಾಂಶ, ಹೀಗೆ ಏನಾದರೂ ಇರಬಹುದು. ಇದ್ದರೆ ಆಯ್ಕೆ ಅಲ್ಲಿಗೆ ಮುಗಿಯಿತು. ಅದು ಯಾವುದರಲ್ಲಿ ನಡೆಯುತ್ತದೋ ಅದನ್ನೇ ಕೊಳ್ಳಿ.

ಅಂಥದ್ದೇನೂ ಇಲ್ಲವಾದರೆ ಮುಂದಿನ ಪ್ರಶ್ನೆ: ರಾತ್ರಿ ಎಂಟು ಗಂಟೆಗೆ ಪ್ರಿಂಟರ್ ಕೈಕೊಟ್ಟಾಗ ನೀವು ಫೋನ್ ಮಾಡುವುದು ಯಾರಿಗೆ? ಮಗಳಿಗೋ, ಅಳಿಯನಿಗೋ, ಪಕ್ಕದ ಮನೆಯ ಹುಡುಗನಿಗೋ? ಅವರ ಬಳಿ ಯಾವ ಕಂಪ್ಯೂಟರ್ ಇದೆ? ಗೃಹಬಳಕೆದಾರರಿಗೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ. ಮ್ಯಾಕ್ ಬಳಸುವವರಿಗೆ ವಿಂಡೋಸ್‌ನ ಸೆಟ್ಟಿಂಗ್ಸ್ ಎಲ್ಲಿದೆ ಎಂದು ಫೋನಿನಲ್ಲಿ ವಿವರಿಸಲು ಬರುವುದಿಲ್ಲ, ವಿಂಡೋಸ್ ಬಳಸುವವರಿಗೆ ಮ್ಯಾಕ್‌ನದೂ ಅಷ್ಟೇ. ಇಬ್ಬರ ಮುಂದೆಯೂ ಒಂದೇ ಪರದೆ ಇದ್ದರೆ ಅರ್ಧ ಗಂಟೆಯ ಪೇಚಾಟ ಎರಡು ನಿಮಿಷಕ್ಕೆ ಇಳಿಯುತ್ತದೆ.

ಕೊನೆಗೆ, ಕೊಳ್ಳಬೇಕೆಂದಿರುವ ಯಂತ್ರಕ್ಕೆ ಭದ್ರತಾ ಅಪ್‌ಡೇಟ್ ಎಲ್ಲಿಯವರೆಗೆ ಸಿಗುತ್ತದೆ? ಇದನ್ನು ಕೇಳುವವರು ತೀರ ಕಡಿಮೆ. ಆದ್ದರಿಂದ ಅದನ್ನೇ ಪ್ರತ್ಯೇಕವಾಗಿ ಎತ್ತಿಕೊಳ್ಳುತ್ತೇನೆ.

ಅಪ್‌ಡೇಟ್ ನಿಂತುಹೋದರೆ ಏನಾಗುತ್ತದೆ? ಯಂತ್ರ ಚೆನ್ನಾಗಿಯೇ ಓಡುತ್ತಿರುತ್ತದಲ್ಲ?

ಓಡುತ್ತಿರುತ್ತದೆ. ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಎಲ್ಲ ಆಪರೇಟಿಂಗ್ ಸಿಸ್ಟಮ್‌ಗಳಲ್ಲೂ ಹೊಸ ಹೊಸ ದೋಷಗಳು ಪತ್ತೆಯಾಗುತ್ತಲೇ ಇರುತ್ತವೆ, ತಯಾರಕರು ಅವನ್ನು ಮುಚ್ಚುತ್ತಲೇ ಇರುತ್ತಾರೆ. ಮುಚ್ಚುವುದು ನಿಂತ ದಿನದಿಂದ, ಆಮೇಲೆ ಪತ್ತೆಯಾದ ದೋಷಗಳೆಲ್ಲ ನಿಮ್ಮ ಯಂತ್ರದಲ್ಲಿ ತೆರೆದೇ ಉಳಿಯುತ್ತವೆ. ಸ್ವಲ್ಪ ಕಾಲದ ಮೇಲೆ ಬ್ರೌಸರ್ ತಯಾರಕರೂ ಆ ಹಳೆಯ ಆವೃತ್ತಿಯನ್ನು ಕೈಬಿಡುತ್ತಾರೆ. ಬ್ಯಾಂಕಿನ ಜಾಲತಾಣ ‘ನಿಮ್ಮ ಬ್ರೌಸರ್ ಹಳೆಯದಾಗಿದೆ’ ಎನ್ನತೊಡಗುತ್ತದೆ.

ನಾಲ್ಕು ಕಡೆಯೂ ಇದರ ಲೆಕ್ಕ ಬೇರೆ ಬೇರೆ. ಮೈಕ್ರೋಸಾಫ್ಟ್ ಪ್ರತಿ ವಿಂಡೋಸ್ ಆವೃತ್ತಿಗೂ ಕೊನೆಯ ದಿನಾಂಕವನ್ನು ಪ್ರಕಟಿಸುತ್ತದೆ. ಗೂಗಲ್ 2023ರಲ್ಲಿ ಕ್ರೋಮ್‌ಬುಕ್‌ಗಳಿಗೆ ಹತ್ತು ವರ್ಷ ಅಪ್‌ಡೇಟ್ ಕೊಡುವುದಾಗಿ ಘೋಷಿಸಿತು. ಆದರೆ ಆ ಹತ್ತು ವರ್ಷ ಲೆಕ್ಕಕ್ಕೆ ಬರುವುದು ಆ ಮಾದರಿಯ ತಳಹದಿ (ಒಳಗಿನ ಮೂಲ ಹಾರ್ಡ್‌ವೇರ್) ಮೊದಲು ಬಿಡುಗಡೆಯಾದಾಗಿನಿಂದ, ನೀವು ಕೊಂಡ ದಿನದಿಂದಲ್ಲ. ಕಪಾಟಿನಲ್ಲಿ ನಾಲ್ಕು ವರ್ಷ ಕುಳಿತಿದ್ದ ಮಾದರಿಯನ್ನು ರಿಯಾಯಿತಿಯಲ್ಲಿ ತಂದರೆ ನಿಮ್ಮ ಪಾಲಿಗೆ ಉಳಿಯುವುದು ಆರೇ ವರ್ಷ. ಮಾದರಿವಾರು ದಿನಾಂಕಗಳನ್ನು ಗೂಗಲ್ ತನ್ನ ಸಹಾಯ ಪುಟದಲ್ಲಿ ಪಟ್ಟಿ ಮಾಡಿದೆ, ಕೊಳ್ಳುವ ಮೊದಲೇ ನೋಡಿಕೊಳ್ಳಿ. ಆಪಲ್ ಹೀಗೆ ಮುಂಗಡ ದಿನಾಂಕ ಹೇಳುವುದಿಲ್ಲ. ಇತ್ತೀಚಿನ ಮೂರು ಆವೃತ್ತಿಗಳಿಗೆ ಭದ್ರತಾ ಅಪ್‌ಡೇಟ್ ಕೊಡುವುದು ಅದರ ರೂಢಿ. ಲಿನಕ್ಸ್‌ನಲ್ಲಿ ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೂ ಲಿನಕ್ಸ್ ಮಿಂಟ್‌ಗೂ ಐದು ವರ್ಷ ಬೆಂಬಲವಿದೆ, ಅದಾದ ಮೇಲೆ ಮುಂದಿನ ಆವೃತ್ತಿಗೆ ಖರ್ಚಿಲ್ಲದೆ ಹೋಗಬಹುದು.

ನನ್ನದು ವಿಂಡೋಸ್ 10 ಇರುವ ಹಳೆಯ ಲ್ಯಾಪ್‌ಟಾಪ್. ಈಗ ಏನು ಮಾಡಲಿ?

ವಿಂಡೋಸ್ 10ಕ್ಕೆ ಕೊಡುತ್ತಿದ್ದ ಉಚಿತ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಗೃಹಬಳಕೆದಾರರಿಗಾಗಿ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಯೊಂದನ್ನು ತೆರೆದು, ಅದರ ಗಡುವನ್ನು 2026ರ ಅಕ್ಟೋಬರ್ 13 ಎಂದು ಘೋಷಿಸಿತು. ಇದು ಉಸಿರಾಡಲು ಸಿಕ್ಕ ಬಿಡುವು, ಅಷ್ಟೇ. ಆ ಬಿಡುವಿನಲ್ಲಿ ಮೂರು ದಾರಿಗಳನ್ನು ಪರಿಶೀಲಿಸಿ.

ಮೊದಲನೆಯದು ವಿಂಡೋಸ್ 11ಕ್ಕೆ ಹೋಗುವುದು. ಮೈಕ್ರೋಸಾಫ್ಟ್‌ನ ‘ಪಿಸಿ ಹೆಲ್ತ್ ಚೆಕ್’ ಎಂಬ ಉಚಿತ ಪ್ರೋಗ್ರಾಂ ಓಡಿಸಿದರೆ ನಿಮ್ಮ ಯಂತ್ರ ಅದಕ್ಕೆ ಅರ್ಹವೇ ಎಂದು ಹೇಳುತ್ತದೆ. ಕನಿಷ್ಠ 4 ಜಿಬಿಯಷ್ಟು ತಾತ್ಕಾಲಿಕ ಸ್ಮರಣೆ, ಅಂದರೆ ರ್‍ಯಾಮ್, 64 ಜಿಬಿ ಸಂಗ್ರಹ ಜಾಗ, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಮತ್ತು ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಇಂಟೆಲ್‌ನದಾದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರು ಅಥವಾ ಅದಕ್ಕಿಂತ ಹೊಸದಾಗಿರಬೇಕು. ಟಿಪಿಎಂ ಇಲ್ಲವೆಂದು ತೋರಿಸಿದ ಕೂಡಲೇ ನಿರಾಶರಾಗಬೇಡಿ. ಎಷ್ಟೋ ಯಂತ್ರಗಳಲ್ಲಿ ಅದು ಇದ್ದೂ ಆಫ್ ಆಗಿರುತ್ತದೆ, ಗೊತ್ತಿರುವವರು ಐದು ನಿಮಿಷದಲ್ಲಿ ಆನ್ ಮಾಡಿಕೊಡುತ್ತಾರೆ.

ಯಂತ್ರ ಅರ್ಹವಲ್ಲದಿದ್ದರೆ ಎರಡನೆಯ ದಾರಿ, ಅದೇ ಯಂತ್ರಕ್ಕೆ ಲಿನಕ್ಸ್ ಮಿಂಟ್ ಅಥವಾ ಗೂಗಲ್‌ನ ಕ್ರೋಮ್‌ಓಎಸ್ ಫ್ಲೆಕ್ಸ್ ಹಾಕುವುದು. ಎರಡೂ ಉಚಿತ. ಮೂರನೆಯದು ಹೊಸ ಯಂತ್ರ. ಅರ್ಹತೆಯ ಪರೀಕ್ಷೆಯನ್ನು ತಪ್ಪಿಸಿ ಹೇಗಾದರೂ ವಿಂಡೋಸ್ 11 ತುರುಕುವ ಉಪಾಯಗಳನ್ನು ಯೂಟ್ಯೂಬ್‌ನಲ್ಲಿ ನೀವು ನೋಡಿರಬಹುದು. ಕಂಪ್ಯೂಟರ್ ಬಿಚ್ಚಿ ಜೋಡಿಸುವವರಿಗೆ ಅದು ಸರಿ. ನಿಮಗೆ ಬೇಡ. ಅಂಥ ಯಂತ್ರಕ್ಕೆ ಮುಂದೆ ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ.

ಮ್ಯಾಕ್ ತುಂಬ ಸುಲಭ ಎನ್ನುತ್ತಾರೆ, ನಿಜವೇ?

ಹೊಸದಾಗಿ ಕಲಿಯುವವರಿಗೆ ಮ್ಯಾಕ್, ವಿಂಡೋಸ್ ಎರಡೂ ಸರಿಸುಮಾರು ಅಷ್ಟೇ ಕಷ್ಟ, ಅಷ್ಟೇ ಸುಲಭ. ಮ್ಯಾಕ್‌ನ ನಿಜವಾದ ಹಿರಿಮೆ ಬೇರೆಡೆ ಇದೆ. ಯಂತ್ರವೂ ತಂತ್ರಾಂಶವೂ ಒಂದೇ ಕಂಪನಿಯದಾದ್ದರಿಂದ ಧ್ವನಿ ಕೇಳಿಸುತ್ತಿಲ್ಲ, ವೈಫೈ ಸಿಗುತ್ತಿಲ್ಲ ಎಂಬಂಥ ರಗಳೆ ಕಡಿಮೆ. 2020ರ ನವೆಂಬರ್‌ನಲ್ಲಿ ಆಪಲ್ ತನ್ನದೇ ಎಂ1 ಚಿಪ್ ತಂದ ಮೇಲೆ ಬ್ಯಾಟರಿ ಬಾಳಿಕೆಯೂ ಬಹಳ ಸುಧಾರಿಸಿದೆ. ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇಲ್ಲ, ಸದ್ದಿಲ್ಲದೆ ಕೆಲಸ ಮಾಡುತ್ತದೆ. ಹೊಸ ಯಂತ್ರದ ಜೊತೆಗೆ ಬೇರೆ ಕಂಪನಿಗಳ ಬೇಡದ ಪ್ರೋಗ್ರಾಂಗಳೂ ಬರುವುದಿಲ್ಲ.

ಇನ್ನೊಂದು ಮುಖವನ್ನೂ ಹೇಳಬೇಕು. ಈಗಿನ ಮ್ಯಾಕ್‌ಗಳಲ್ಲಿ ಕೊಂಡ ಮೇಲೆ ರ್‍ಯಾಮ್ ಹೆಚ್ಚಿಸಲು ಆಗುವುದೇ ಇಲ್ಲ. ಕೊಳ್ಳುವ ದಿನವೇ ಮುಂದಿನ ಏಳೆಂಟು ವರ್ಷದ ಅಗತ್ಯವನ್ನು ಊಹಿಸಿ ನಿರ್ಧರಿಸಬೇಕು. ದುರಸ್ತಿಯೂ ದುಬಾರಿ.

ಸೆಕೆಂಡ್‌ಹ್ಯಾಂಡ್ ಮ್ಯಾಕ್ ನೋಡುತ್ತಿದ್ದರೆ ಒಳಗೆ ಯಾವ ಚಿಪ್ ಇದೆ ಎಂದು ಮೊದಲು ನೋಡಿ. ಪರದೆಯ ಎಡ ಮೂಲೆಯಲ್ಲಿರುವ ಸೇಬಿನ ಗುರುತನ್ನು ಒತ್ತಿ ‘ಅಬೌಟ್ ದಿಸ್ ಮ್ಯಾಕ್’ ಆರಿಸಿದರೆ ತಿಳಿಯುತ್ತದೆ. ಇಂಟೆಲ್ ಎಂದಿದ್ದರೆ ಬಿಟ್ಟುಬಿಡಿ. 2025ರಲ್ಲಿ ಬಂದ ಮ್ಯಾಕ್‌ಓಎಸ್ ಟಾಹೋ ಇಂಟೆಲ್ ಯಂತ್ರಗಳಿಗೆ ಸಿಗುವ ಕೊನೆಯ ಆವೃತ್ತಿ ಎಂದು ಆಪಲ್ ತಾನೇ ಹೇಳಿದೆ, ಅದೂ ಕೆಲವೇ ಇಂಟೆಲ್ ಮಾದರಿಗಳಿಗೆ. ಎಷ್ಟೇ ಅಗ್ಗಕ್ಕೆ ಸಿಕ್ಕರೂ ಅದು ಅಗ್ಗವಲ್ಲ.

ನಾನು ಬಳಸುವುದು ಬ್ರೌಸರ್ ಮತ್ತು ಇಮೇಲ್ ಮಾತ್ರ. ಕ್ರೋಮ್‌ಬುಕ್ ಸಾಕೇ?

ಸಾಕು. ಸಾಕು ಎನ್ನುವುದಕ್ಕಿಂತ ನಿಮ್ಮಂಥವರಿಗೆ ಅದೇ ಮೇಲು ಎನ್ನುತ್ತೇನೆ. ಕ್ಷಣದಲ್ಲಿ ಶುರುವಾಗುತ್ತದೆ, ಅಪ್‌ಡೇಟ್ ತಾನಾಗಿ ಆಗುತ್ತದೆ, ವೈರಸ್ ಕಾಟ ಅಪರೂಪ. ಏನಾದರೂ ಕೆಟ್ಟರೆ ‘ಪವರ್‌ವಾಶ್’ ಮಾಡಿದರೆ ಯಂತ್ರ ಹೊಸದರಂತಾಗುತ್ತದೆ. ಮತ್ತೆ ಗೂಗಲ್ ಖಾತೆಯಿಂದ ಒಳಗೆ ಹೋದರೆ ಖಾತೆಯಲ್ಲಿ ಉಳಿಸಿದ್ದೆಲ್ಲ ತಿರುಗಿ ಬರುತ್ತದೆ. ಯಂತ್ರದ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಇದ್ದದ್ದು ಮಾತ್ರ ಅಳಿಸಿಹೋಗುತ್ತದೆ, ಅದನ್ನು ಮರೆಯಬೇಡಿ. ಬಹಳಷ್ಟು ಆಂಡ್ರಾಯ್ಡ್ ಆ್ಯಪ್‌ಗಳೂ ಇದರಲ್ಲಿ ನಡೆಯುತ್ತವೆ.

ಆಗದ ಕೆಲಸಗಳೂ ಇವೆ. ವಿಂಡೋಸ್‌ಗಾಗಿ ಬರೆದ ಪ್ರೋಗ್ರಾಂಗಳನ್ನು ಇದರಲ್ಲಿ ಹಾಕಲಾಗುವುದಿಲ್ಲ. ವರ್ಡ್, ಎಕ್ಸೆಲ್ ಬೇಕಿದ್ದರೆ ಬ್ರೌಸರ್‌ನಲ್ಲಿ ನಡೆಯುವ ಆವೃತ್ತಿಯನ್ನೇ ನೆಚ್ಚಿಕೊಳ್ಳಬೇಕು. ಗೂಗಲ್ ಡಾಕ್ಸ್ ಇಂಟರ್‌ನೆಟ್ ಇಲ್ಲದೆಯೂ ನಡೆಯುವಂತೆ ಮಾಡಿಕೊಳ್ಳಬಹುದಾದರೂ ಸಂಪರ್ಕ ಪದೇ ಪದೇ ಕಡಿದುಹೋಗುವ ಕಡೆ ಇರುವವರಿಗೆ ನಾನು ಕ್ರೋಮ್‌ಬುಕ್ ಸೂಚಿಸುವುದಿಲ್ಲ.

ತಂತ್ರಜ್ಞಾನ ಗೊತ್ತಿಲ್ಲದವರು ಲಿನಕ್ಸ್ ಬಳಸಬಹುದೇ?

ಬಳಸಬಹುದು, ಒಂದು ಷರತ್ತಿನ ಮೇಲೆ: ಹಾಕಿಕೊಟ್ಟು, ಆಮೇಲೂ ಕೈಹಿಡಿಯುವ ಒಬ್ಬರು ಹತ್ತಿರದಲ್ಲಿರಬೇಕು. ಒಮ್ಮೆ ಸರಿಯಾಗಿ ಹಾಕಿದ ಲಿನಕ್ಸ್ ಮಿಂಟ್ ವರ್ಷಗಟ್ಟಲೆ ತಂಟೆ ಮಾಡುವುದಿಲ್ಲ. ಅದರ ಪರದೆಯೂ ಹಳೆಯ ವಿಂಡೋಸ್‌ಗೆ ಹತ್ತಿರ. ಕೆಳಗೆ ಪಟ್ಟಿ, ಎಡ ಮೂಲೆಯಲ್ಲಿ ಮೆನು. ಹಳೆಯ ಯಂತ್ರಗಳಿಗೆ ಅದು ಕೊಡುವ ಎರಡನೆಯ ಆಯುಷ್ಯ ನನಗೆ ಬಹಳ ಇಷ್ಟವಾದ ಸಂಗತಿ. ಚೆನ್ನಾಗಿರುವ ಲ್ಯಾಪ್‌ಟಾಪೊಂದು ಗುಜರಿಗೆ ಹೋಗುವುದನ್ನು ಅದು ತಪ್ಪಿಸುತ್ತದೆ.

ಹಾಕುವ ಮೊದಲೇ ಪರೀಕ್ಷಿಸಿ ನೋಡುವ ಅನುಕೂಲವೂ ಇದೆ. ಮಿಂಟ್ ಅನ್ನು ಪೆನ್‌ಡ್ರೈವ್‌ಗೆ ಬರೆದು, ಆ ಪೆನ್‌ಡ್ರೈವ್‌ನಿಂದಲೇ ಕಂಪ್ಯೂಟರ್ ಶುರುಮಾಡಬಹುದು; ಒಳಗಿನ ವಿಂಡೋಸ್‌ಗೆ ಏನೂ ಆಗುವುದಿಲ್ಲ. ವೈಫೈ ಸಿಗುತ್ತದೆಯೇ, ಧ್ವನಿ ಕೇಳಿಸುತ್ತದೆಯೇ, ಕ್ಯಾಮೆರಾ ನಡೆಯುತ್ತದೆಯೇ, ಪ್ರಿಂಟರ್ ಮುದ್ರಿಸುತ್ತದೆಯೇ ನೋಡಿ. ಬೆರಳಚ್ಚು ಓದುವ ಸಾಧನ ಕೆಲವು ಯಂತ್ರಗಳಲ್ಲಿ ಕೆಲಸ ಮಾಡುವುದಿಲ್ಲ. ಮೈಕ್ರೋಸಾಫ್ಟ್ ಆಫೀಸ್ ಮತ್ತು ಅಡೋಬ್ ಫೋಟೊಶಾಪ್‌ಗಳ ಲಿನಕ್ಸ್ ಆವೃತ್ತಿಯೇ ಇಲ್ಲ. ಅವು ಬೇಕೇ ಬೇಕೆಂದರೆ ಇತ್ತ ಬರಬೇಡಿ.

ವರ್ಡ್, ಎಕ್ಸೆಲ್ ಕಡತಗಳು ಎಲ್ಲದರಲ್ಲೂ ತೆರೆಯುತ್ತವೆಯೇ?

ತೆರೆಯುತ್ತವೆ. ವಿಂಡೋಸ್ ಮತ್ತು ಮ್ಯಾಕ್ ಎರಡಕ್ಕೂ ಮೈಕ್ರೋಸಾಫ್ಟ್‌ನ ಆಫೀಸ್ ಇದೆ. ಉಚಿತವಾಗಿ ಬೇಕೆಂದರೆ ಲಿಬ್ರೆಆಫೀಸ್ ಇದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಪತ್ರ, ಮನೆಯ ಲೆಕ್ಕ, ಅರ್ಜಿಗಳಿಗೆ ಧಾರಾಳವಾಗಿ ಸಾಕು. ಅಂಚು, ಕೋಷ್ಟಕ, ಚಿತ್ರಗಳ ಜಾಗ ಸ್ವಲ್ಪ ಅತ್ತಿತ್ತ ಸರಿಯುವುದುಂಟು. ಹಾಗಾಗಿ ಯಾರಿಗಾದರೂ ಓದಲು ಮಾತ್ರ ಕಳುಹಿಸುವುದಾದರೆ ಪಿಡಿಎಫ್ ಮಾಡಿಯೇ ಕಳುಹಿಸಿ.

ನನ್ನದು ಐಫೋನ್. ಮ್ಯಾಕ್ ಕೊಳ್ಳಲೇಬೇಕೇ?

ಬೇಕಿಲ್ಲ. ಎರಡೂ ಇದ್ದರೆ ಸೊಗಸೆನ್ನುವುದು ನಿಜ: ಫೋನಿನಲ್ಲಿ ತೆಗೆದ ಫೋಟೊ ತಾನಾಗಿ ಕಂಪ್ಯೂಟರ್‌ನಲ್ಲಿ ಕಾಣಿಸುತ್ತದೆ, ಏರ್‌ಡ್ರಾಪ್‌ನಿಂದ ಕಡತಗಳು ಕ್ಷಣದಲ್ಲಿ ದಾಟುತ್ತವೆ, ಫೋನಿನಲ್ಲಿ ಕಾಪಿ ಮಾಡಿದ್ದನ್ನು ಮ್ಯಾಕ್‌ನಲ್ಲಿ ಪೇಸ್ಟ್ ಮಾಡಬಹುದು. ವಿಂಡೋಸ್ ಇದ್ದವರು ‘ಐಕ್ಲೌಡ್ ಫಾರ್ ವಿಂಡೋಸ್’ ಹಾಕಿಕೊಂಡರೆ ಫೋಟೊಗಳ ಕೆಲಸ ನಡೆಯುತ್ತದೆ. 2017ರಿಂದ ಐಫೋನ್‌ಗಳು ಫೋಟೊಗಳನ್ನು ಎಚ್‌ಇಐಸಿ ಎಂಬ ಬಗೆಯಲ್ಲಿ ಉಳಿಸುತ್ತಿವೆ. ಅದು ಬೇರೆ ಯಂತ್ರಗಳಲ್ಲಿ ಕೆಲವೊಮ್ಮೆ ತೆರೆಯದು. ಫೋನಿನ ಕ್ಯಾಮೆರಾ ಸೆಟ್ಟಿಂಗ್ಸ್‌ಗೆ ಹೋಗಿ ಫಾರ್ಮ್ಯಾಟ್ಸ್‌ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿದರೆ ಮುಂದಿನ ಫೋಟೊಗಳೆಲ್ಲ ಎಲ್ಲೆಡೆ ತೆರೆಯುವ ಜೆಪೆಗ್ ಆಗಿ ಬರುತ್ತವೆ.

ಆಂಡ್ರಾಯ್ಡ್ ಫೋನ್ ಇದ್ದವರಿಗೆ ವಿಂಡೋಸ್ ಮತ್ತು ಕ್ರೋಮ್‌ಬುಕ್ ಹೆಚ್ಚು ಹೊಂದುತ್ತವೆ. ಕೇಬಲ್ ಜೋಡಿಸಿದರೆ ವಿಂಡೋಸ್‌ನಲ್ಲಿ ಫೋನಿನ ಫೋಲ್ಡರ್‌ಗಳು ನೇರವಾಗಿ ಕಾಣುತ್ತವೆ. ಮ್ಯಾಕ್‌ನಲ್ಲಿ ಅದಕ್ಕೆ ಬೇರೆ ಪ್ರೋಗ್ರಾಂ ಬೇಕು. ವಾಟ್ಸ್‌ಆ್ಯಪ್ ಮಾತ್ರ ಯಾವ ಬ್ರೌಸರ್‌ನಲ್ಲಾದರೂ ಸರಿ.

ಮ್ಯಾಕ್‌ಗೆ ವೈರಸ್ ಬರುವುದಿಲ್ಲವಂತೆ?

ಬರುತ್ತದೆ, ಕಡಿಮೆ. ವಿಂಡೋಸ್‌ನೊಳಗೆ ಡಿಫೆಂಡರ್, ಮ್ಯಾಕ್‌ನೊಳಗೆ ಎಕ್ಸ್‌ಪ್ರೊಟೆಕ್ಟ್ ಎಂಬ ರಕ್ಷಣೆ ಮೊದಲೇ ಇವೆ. ಸಾಮಾನ್ಯ ಮನೆಗೆ ಅವು ಸಾಕು. ಹೊಸ ಲ್ಯಾಪ್‌ಟಾಪ್ ಜೊತೆ ಬರುವ, ತಿಂಗಳಾದ ಮೇಲೆ ಹಣ ಕಟ್ಟಿ ಎಂದು ಹೆದರಿಸುವ ಆ್ಯಂಟಿವೈರಸ್ಸನ್ನು ತೆಗೆದುಹಾಕಬಹುದು. ತೆಗೆದೊಡನೆ ಡಿಫೆಂಡರ್ ತಾನಾಗಿ ಕೆಲಸಕ್ಕೆ ಇಳಿಯುತ್ತದೆ.

ಆದರೆ ಇಂದಿನ ನಿಜವಾದ ಅಪಾಯಕ್ಕೆ ವಿಂಡೋಸ್, ಮ್ಯಾಕ್ ಎಂಬ ಭೇದವಿಲ್ಲ. ಬ್ರೌಸರ್‌ನಲ್ಲಿ ಇದ್ದಕ್ಕಿದ್ದಂತೆ ಕೆಂಪು ಪರದೆ ಬಂದು, ಕಿರುಚುವ ಸದ್ದಿನೊಂದಿಗೆ ‘ನಿಮ್ಮ ಕಂಪ್ಯೂಟರ್‌ಗೆ ವೈರಸ್ ತಗುಲಿದೆ, ಈ ಸಂಖ್ಯೆಗೆ ಕರೆ ಮಾಡಿ’ ಎನ್ನುತ್ತದೆ. ಕರೆ ಮಾಡಿದರೆ ನಯವಾಗಿ ಮಾತನಾಡುವ ಒಬ್ಬರು ಎನಿಡೆಸ್ಕ್ ಅಥವಾ ಟೀಮ್‌ವ್ಯೂವರ್ ಹಾಕಿಸಿ ನಿಮ್ಮ ಯಂತ್ರದೊಳಕ್ಕೆ ಬರುತ್ತಾರೆ, ಆಮೇಲೆ ಬ್ಯಾಂಕಿನ ಪುಟ ತೆರೆಸುತ್ತಾರೆ. ಆ ಎರಡೂ ಪ್ರೋಗ್ರಾಂಗಳು ಒಳ್ಳೆಯವೇ, ದೂರದಿಂದ ನೆರವಾಗಲು ನಾನೂ ಅಂಥವನ್ನು ಬಳಸುತ್ತೇನೆ; ಕೆಡುಕಿರುವುದು ಬಳಸುವವರ ಉದ್ದೇಶದಲ್ಲಿ. ಮೈಕ್ರೋಸಾಫ್ಟ್ ಆಗಲಿ ಆಪಲ್ ಆಗಲಿ ಪರದೆಯ ಮೇಲೆ ಫೋನ್ ಸಂಖ್ಯೆ ಹಾಕಿ ಕರೆ ಮಾಡಿ ಎನ್ನುವುದಿಲ್ಲ. ಇಂಥ ಪರದೆ ಬಂದರೆ ಬ್ರೌಸರ್ ಮುಚ್ಚಿ. ಮುಚ್ಚಲಾಗದಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಯಂತ್ರವನ್ನೇ ಆಫ್ ಮಾಡಿ. ಈ ಒಂದು ಪ್ಯಾರಾವನ್ನು ಮನೆಯ ಹಿರಿಯರಿಗೆ ಓದಿ ಹೇಳಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಅಂಗಡಿಯಲ್ಲಿ ವಿಂಡೋಸ್ ಲ್ಯಾಪ್‌ಟಾಪ್ ನೋಡುವಾಗ ಯಾವುದಕ್ಕೆ ಗಮನ ಕೊಡಬೇಕು?

ಕಡತಗಳನ್ನು ಕೂಡಿಡುವ ಸಂಗ್ರಹ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗಗಳಿಲ್ಲದ ವೇಗದ ಬಗೆ, ಆಗಿರಲಿ. ತಿರುಗುವ ಹಳೆಯ ಹಾರ್ಡ್‌ಡಿಸ್ಕ್ ಒಳಗಿದ್ದರೆ ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿದ್ದರೂ ಯಂತ್ರ ತೆವಳುತ್ತದೆ. ತೀರ ಅಗ್ಗದ ಮಾದರಿಗಳಲ್ಲಿ ಇಎಂಎಂಸಿ ಎಂಬ ನಿಧಾನ ಸಂಗ್ರಹ 64 ಜಿಬಿಯಷ್ಟೇ ಇರುತ್ತದೆ; ಕೆಲವು ಅಪ್‌ಡೇಟ್ ಬರುವಷ್ಟರಲ್ಲಿ ಜಾಗ ತುಂಬಿ ಹೋಗುತ್ತದೆ. 256 ಜಿಬಿಗಿಂತ ಕಡಿಮೆ ಬೇಡ, ಫೋಟೊ ಹೆಚ್ಚಿದ್ದರೆ 512 ಇರಲಿ. ರ್‍ಯಾಮ್ 8 ಜಿಬಿ ಇದ್ದರೆ ಇಂದು ನಡೆಯುತ್ತದೆ, 16 ಇದ್ದರೆ ಐದಾರು ವರ್ಷ ಯೋಚನೆಯಿಲ್ಲ. ಪ್ರೊಸೆಸರ್ ವೇಗಕ್ಕಾಗಿ ಕೊಡುವ ಹೆಚ್ಚಿನ ಹಣವನ್ನು ಈ ಎರಡರ ಮೇಲೆ ಹಾಕಿ.

ಕೆಲವು ಲ್ಯಾಪ್‌ಟಾಪ್‌ಗಳು ‘ಎಸ್ ಮೋಡ್’ನಲ್ಲಿ ಬರುತ್ತವೆ. ಆಗ ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಮಾತ್ರ ಪ್ರೋಗ್ರಾಂ ಹಾಕಲು ಸಾಧ್ಯ. ಗಾಬರಿ ಬೇಡ, ಅದರಿಂದ ಉಚಿತವಾಗಿ ಹೊರಬರಬಹುದು. ಹಿಂದಿರುಗಲು ಮಾತ್ರ ಆಗುವುದಿಲ್ಲ.

ಇನ್ನೊಂದು ಹೊಸ ಬಗೆ, ಸ್ನ್ಯಾಪ್‌ಡ್ರ್ಯಾಗನ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪ್. ಇಂಟೆಲ್ ಮತ್ತು ಎಎಂಡಿ ಚಿಪ್‌ಗಳಿಗಿಂತ ಇದರ ಒಳರಚನೆ ಬೇರೆ. ಬ್ಯಾಟರಿ ಚೆನ್ನಾಗಿ ಬರುತ್ತದೆ, ದಿನಬಳಕೆಯ ಪ್ರೋಗ್ರಾಂಗಳು ನಡೆಯುತ್ತವೆ. ಆದರೆ ಹಳೆಯ ಪ್ರಿಂಟರ್, ಸ್ಕ್ಯಾನರ್, ಯುಎಸ್‌ಬಿ ಟೋಕನ್‌ಗಳಿಗೆ ಬೇಕಾದ ಡ್ರೈವರ್ (ಉಪಕರಣವನ್ನು ಯಂತ್ರದೊಂದಿಗೆ ಬೆಸೆಯುವ ತಂತ್ರಾಂಶ) ಈ ಚಿಪ್‌ಗೆಂದೇ ಬರೆದದ್ದಾಗಿರಬೇಕು. ಅದು ಇಲ್ಲದಿದ್ದರೆ ಆ ಉಪಕರಣ ನಡೆಯುವುದೇ ಇಲ್ಲ. ಕೆಲವು ಆಟಗಳೂ ನಡೆಯುವುದಿಲ್ಲ.

ಹಳೆಯ ಪ್ರಿಂಟರ್ ಹೊಸ ಕಂಪ್ಯೂಟರ್‌ನೊಂದಿಗೆ ಹೊಂದುತ್ತದೆಯೇ?

ವೈಫೈ ಇರುವ, ಡ್ರೈವರ್ ಹಾಕದೆಯೇ ಮುದ್ರಿಸಲು ಬಿಡುವ ಏರ್‌ಪ್ರಿಂಟ್ ಬೆಂಬಲವಿರುವ ಪ್ರಿಂಟರ್ ಆದರೆ ನಾಲ್ಕರಲ್ಲೂ ಬಹುತೇಕ ತಾನಾಗಿ ಸಿಗುತ್ತದೆ. ಯುಎಸ್‌ಬಿ ತಂತಿ ಮಾತ್ರ ಇರುವ ಹಳೆಯದಾದರೆ ತಯಾರಕರ ಜಾಲತಾಣದಲ್ಲಿ ನಿಮ್ಮ ಆಪರೇಟಿಂಗ್ ಸಿಸ್ಟಮ್‌ಗೆ ಡ್ರೈವರ್ ಇದೆಯೇ ಎಂದು ಮೊದಲೇ ನೋಡಿ.

ಕನ್ನಡದಲ್ಲಿ ಟೈಪ್ ಮಾಡಲು ಯಾವುದು ಅನುಕೂಲ?

ಎಲ್ಲದರಲ್ಲೂ ಕನ್ನಡ ಕೀಲಿಮಣೆ ಮೊದಲೇ ಇದೆ. ಭಾಷೆಯ ಸೆಟ್ಟಿಂಗ್ಸ್‌ನಲ್ಲಿ ಸೇರಿಸಿಕೊಂಡರಾಯಿತು. ವಿಂಡೋಸ್‌ನಲ್ಲಿ ಇನ್‌ಸ್ಕ್ರಿಪ್ಟ್ ವಿನ್ಯಾಸವೂ ಉಚ್ಚಾರಣೆಯಂತೆ ಟೈಪಿಸುವ ವಿನ್ಯಾಸವೂ ಇವೆ. ಲಿನಕ್ಸ್‌ನಲ್ಲಿ ಕಗಪ ವಿನ್ಯಾಸವೂ ಸಿಗುತ್ತದೆ, ನುಡಿ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ಅದು ಒಗ್ಗುತ್ತದೆ.

ತೊಡಕಿರುವುದು, ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತವಾದ ಯೂನಿಕೋಡ್‌ಗಿಂತ ಹಿಂದಿನ ಕಡತಗಳಲ್ಲಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಟೈಪಿಸಿಟ್ಟ ಕಥೆ, ಕವನ, ಪತ್ರಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ವಿಂಡೋಸ್ ಬಿಡುವ ಯೋಚನೆಯಿದ್ದರೆ, ಹಳೆಯ ಯಂತ್ರ ಇನ್ನೂ ಕೈಯಲ್ಲಿರುವಾಗಲೇ ಅವನ್ನೆಲ್ಲ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ವಿಂಡೋಸ್‌ನಿಂದ ಮ್ಯಾಕ್‌ಗೆ ಹೋದರೆ ರೂಢಿಯಾಗಲು ಎಷ್ಟು ದಿನ ಬೇಕು?

ಕೆಲವು ವಾರ. ಕೈಗೆ ಅಂಟಿದ ಅಭ್ಯಾಸಗಳೇ ಕಾಡುವುದು. ಕಾಪಿ, ಪೇಸ್ಟ್‌ಗೆ ಕಂಟ್ರೋಲ್ ಬದಲು ಕಮಾಂಡ್ ಕೀಲಿ. ಕಿಟಕಿ ಮುಚ್ಚುವ ಗುಂಡಿ ಬಲಕ್ಕಿಲ್ಲ, ಎಡಕ್ಕಿದೆ. ಅದನ್ನು ಒತ್ತಿದರೂ ಬಹಳಷ್ಟು ಪ್ರೋಗ್ರಾಂಗಳು ಹಿನ್ನೆಲೆಯಲ್ಲಿ ತೆರೆದೇ ಇರುತ್ತವೆ. ಇದಕ್ಕಿಂತ ಹೆಚ್ಚು ಕಂಗೆಡಿಸುವುದು ಬಾಹ್ಯ ಹಾರ್ಡ್‌ಡಿಸ್ಕ್. ವಿಂಡೋಸ್‌ನಲ್ಲಿ ಬಳಸುತ್ತಿದ್ದ ಡಿಸ್ಕ್ ಸಾಮಾನ್ಯವಾಗಿ ಎನ್‌ಟಿಎಫ್‌ಎಸ್ ಎಂಬ ವ್ಯವಸ್ಥೆಯಲ್ಲಿರುತ್ತದೆ. ಮ್ಯಾಕ್ ಅದನ್ನು ಓದುತ್ತದೆ, ಅದಕ್ಕೆ ಬರೆಯುವುದಿಲ್ಲ. ಎರಡರಲ್ಲೂ ಓದಿ ಬರೆಯಬೇಕೆಂದರೆ ಡಿಸ್ಕ್ ಎಕ್ಸ್‌ಫ್ಯಾಟ್ ಆಗಿರಬೇಕು. ಹಾಗೆ ಮಾಡಲು ಫಾರ್ಮ್ಯಾಟ್ ಮಾಡಿದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ. ಮೊದಲು ಬೇರೆ ಕಡೆ ನಕಲಿಸಿ, ನಕಲು ತೆರೆಯುತ್ತದೆಯೇ ನೋಡಿ, ಆಮೇಲೆ ಕೈಹಾಕಿ.

ವಯಸ್ಸಾದ ತಂದೆ ತಾಯಿಗೆ ಯಾವುದು ಕೊಡಿಸಲಿ?

ಅವರು ಈಗಾಗಲೇ ಒಂದನ್ನು ಬಳಸಿ ಅಭ್ಯಾಸವಿದ್ದರೆ ದಯವಿಟ್ಟು ಅದನ್ನೇ ಮುಂದುವರಿಸಿ. ನಿಮ್ಮ ಕಣ್ಣಿಗೆ ಹೊಸದು ಎಷ್ಟೇ ಅಂದವಾಗಿ ಕಂಡರೂ ಎಪ್ಪತ್ತರ ವಯಸ್ಸಿನಲ್ಲಿ ಕಷ್ಟಪಟ್ಟು ಕಲಿತದ್ದನ್ನು ಕಿತ್ತುಕೊಳ್ಳುವುದು ನ್ಯಾಯವಲ್ಲ. ಮೊದಲ ಬಾರಿಗೆ ಕೊಡಿಸುವುದಾದರೆ ಕ್ರೋಮ್‌ಬುಕ್ ನೋಡಿ. ಕೀಲಿಮಣೆಯೇ ಬೇಡವೆಂದರೆ ದೊಡ್ಡ ಪರದೆಯ ಟ್ಯಾಬ್ಲೆಟ್ ಸಾಕಾಗಬಹುದು. ಯಾವುದನ್ನೇ ಕೊಡಿಸಿ, ಅಕ್ಷರದ ಗಾತ್ರ ಹಿಗ್ಗಿಸಿ ಕೊಡಿ, ದೂರದಿಂದ ಅವರ ಪರದೆ ನೋಡಲು ನೀವು ಬಳಸುವ ಪ್ರೋಗ್ರಾಂ ಯಾವುದೆಂದು ಹೆಸರು ಹೇಳಿ ತೋರಿಸಿ, ಬೇರೆ ಯಾರು ಕೇಳಿದರೂ ಅದನ್ನು ತೆರೆಯಬಾರದೆಂದು ತಿಳಿಸಿ.

ಹೊಸ ಕಂಪ್ಯೂಟರ್ ಮನೆಗೆ ಬಂತು. ಮೊದಲ ದಿನ ಏನು ಮಾಡಬೇಕು?

ಬಾಕಿ ಇರುವ ಅಪ್‌ಡೇಟ್‌ಗಳನ್ನೆಲ್ಲ ಮುಗಿಸಿ. ವಿಂಡೋಸ್ 11 ಹೋಮ್ ಆವೃತ್ತಿಗೆ ಮೊದಲ ಸಿದ್ಧತೆಯಲ್ಲೇ ಇಂಟರ್‌ನೆಟ್ ಮತ್ತು ಮೈಕ್ರೋಸಾಫ್ಟ್ ಖಾತೆ ಬೇಕು. ಆ ಖಾತೆಯ ಇಮೇಲ್ ಮತ್ತು ಪಾಸ್‌ವರ್ಡ್‌ಗಳನ್ನು ಕಾಗದದಲ್ಲಿ ಬರೆದು ಕಾಗದಪತ್ರಗಳ ಜೊತೆ ಇಡಿ. ಇದು ಮುಖ್ಯ, ಏಕೆಂದರೆ ಈಗಿನ ಹೊಸ ವಿಂಡೋಸ್ ಯಂತ್ರಗಳಲ್ಲಿ ಡಿಸ್ಕ್ ತಾನಾಗಿ ಗೂಢಲಿಪಿಗೆ ಬದಲಾಗುತ್ತದೆ, ಅದನ್ನು ಬಿಡಿಸುವ 48 ಅಂಕಿಗಳ ರಿಕವರಿ ಕೀ ಆ ಖಾತೆಯಲ್ಲಿ ಉಳಿಯುತ್ತದೆ. ಯಂತ್ರ ಎಂದಾದರೂ ಆ ಕೀ ಕೇಳಿದಾಗ ಖಾತೆಯೂ ನೆನಪಿಲ್ಲ, ಕೀಯೂ ಇಲ್ಲ ಎಂದಾದರೆ ಒಳಗಿನ ಫೋಟೊಗಳನ್ನು ಯಾರಿಂದಲೂ ಹೊರತೆಗೆಯಲಾಗದು. ಮ್ಯಾಕ್‌ನಲ್ಲಿ ಇದೇ ಕೆಲಸ ಮಾಡುವ ಫೈಲ್‌ವಾಲ್ಟ್ ಆನ್ ಮಾಡಿದರೂ ಇದೇ ಎಚ್ಚರಿಕೆ.

ಬ್ಯಾಕಪ್ ಶುರುಮಾಡಲು ಒಂದು ಬಾಹ್ಯ ಡಿಸ್ಕ್ ತನ್ನಿ. ಮ್ಯಾಕ್‌ನಲ್ಲಿ ಟೈಮ್ ಮಷೀನ್, ವಿಂಡೋಸ್‌ನಲ್ಲಿ ಫೈಲ್ ಹಿಸ್ಟರಿ ಆ ಕೆಲಸ ಮಾಡುತ್ತವೆ. ಐಕ್ಲೌಡ್ ಮತ್ತು ಒನ್‌ಡ್ರೈವ್‌ನಲ್ಲಿ ಉಚಿತವಾಗಿ ಸಿಗುವ 5 ಜಿಬಿ, ಗೂಗಲ್‌ನ 15 ಜಿಬಿ ದಾಖಲೆಗಳಿಗೆ ಸಾಕು, ವರ್ಷಗಳ ಫೋಟೊಗಳಿಗೆ ಸಾಲದು. ಇನ್ನು ಹಳೆಯ ಕಂಪ್ಯೂಟರ್: ಅದನ್ನು ಅಳಿಸಿ ಯಾರಿಗಾದರೂ ಕೊಡುವ ಆತುರ ಬೇಡ. ಒಂದೆರಡು ತಿಂಗಳು ಹಾಗೇ ಇಟ್ಟುಕೊಳ್ಳಿ. ಬ್ರೌಸರ್‌ನಲ್ಲಿ ಉಳಿಸಿದ್ದ ಪಾಸ್‌ವರ್ಡ್, ಡೆಸ್ಕ್‌ಟಾಪ್ ಮೇಲಿದ್ದ ಸ್ಕ್ಯಾನ್ ಪ್ರತಿ, ಯಾವುದೋ ಫೋಲ್ಡರ್‌ನಲ್ಲಿದ್ದ ಮದುವೆಯ ವೀಡಿಯೊ ಬಂದಿಲ್ಲವೆಂದು ಗೊತ್ತಾಗುವುದು ಆ ಅವಧಿಯಲ್ಲೇ.